ಭಾನುವಾರದ ತಾರಸಿ ಊಟಕ್ಕೆ ಕೆಂಡದಲ್ಲಿ ಸುಡುವ ಹಸಿರು ತರಕಾರಿ

ಮಾನ್ಯ ಸದಸ್ಯರೇ,

ಭಾನುವಾರ ಸಂಜೆ ತಾರಸಿಯಲ್ಲಿ ಇದ್ದಿಲಿನ ಒಲೆ ಹೊತ್ತಿಸಲಿರುವುದರಿಂದ, ತರಕಾರಿ ತರುವವರು ಹಾಪ್‌ಕಾಮ್ಸ್ ಮಳಿಗೆಯಿಂದಾಗಲಿ ಗಾಂಧಿ ಬಜಾರಿನಿಂದಾಗಲಿ ಎಳೆಯ ಬೆಂಡೆಕಾಯಿ, ಹುರುಳಿಕಾಯಿ ಮತ್ತು ದಪ್ಪ ಮೆಣಸಿನಕಾಯಿಗಳನ್ನೇ ಆರಿಸಬೇಕೆಂದು ಕೋರುತ್ತೇನೆ. ತೊಳೆದ ಮೇಲೆ ಬಟ್ಟೆಯಿಂದ ಚೆನ್ನಾಗಿ ಒರೆಸಿರಿ; ನೀರಿನ ಪಸೆ ಉಳಿದರೆ ಕಾಯಿ ಸುಡುವ ಬದಲು ಹಬೆಯಲ್ಲಿ ಬೆಂದು ಮೆತ್ತಗಾಗುತ್ತದೆ. ಬೆಂಡೆಯನ್ನು ಹೆಚ್ಚಿದರೆ ಲೋಳೆ ಹೊರಬರುವುದರಿಂದ ಇಡಿಯಾಗಿಯೇ ಎರಡು ಕಡ್ಡಿಗಳಿಗೆ ಅಡ್ಡಲಾಗಿ ಪೋಣಿಸುವುದು ಉತ್ತಮ, ಆಗ ಅವು ಸರಳುಗಳ ನಡುವೆ ಜಾರಿ ಬೀಳುವುದಿಲ್ಲ, ಒಮ್ಮೆಗೇ ಮಗುಚಲೂಬಹುದು. ಬಿದಿರಿನ ಕಡ್ಡಿಗಳನ್ನು ಮೊದಲೇ 30 ನಿಮಿಷ ನೀರಿನಲ್ಲಿ ನೆನೆಸಿಡಿ. ಎಣ್ಣೆಯನ್ನು ತೆಳುವಾಗಿ ಸವರಿ, ಜ್ವಾಲೆ ಇಳಿದು ಕೆಂಡದ ಮೇಲೆ ಬೂದಿ ಕವಿದ ನಂತರವೇ ಕಾಯಿಗಳನ್ನು ಇಡಬೇಕು. ನಿಂಬೆರಸವನ್ನು ದಯವಿಟ್ಟು ಬಡಿಸುವಾಗಲೇ ಹಿಂಡಿರಿ, ಏಕೆಂದರೆ ಹುಳಿ ಮತ್ತು ಶಾಖ ಎರಡೂ ಸೇರಿದಾಗ ತರಕಾರಿಯ ಹಸಿರು ಮಾಸಿ ಕಂದಾಗುತ್ತದೆ.