ಅಯಲ್‌ಕೂಟದಲ್ಲಿ ತೂಕದ ಲೆಕ್ಕವೂ ಇರಲಿ

ಮಾನ್ಯರೇ,

ಕಾಸರಗೋಡಿನ ಊರೂರಲ್ಲಿ ಕುಟುಂಬಶ್ರೀ (ಕೇರಳ ಸರಕಾರದ ಮಹಿಳಾ ಯೋಜನೆ) ಅಯಲ್‌ಕೂಟಗಳು, ಅಂದರೆ ನೆರೆಹೊರೆಯ ಮಹಿಳೆಯರ ಉಳಿತಾಯ ಗುಂಪುಗಳು, ಸೇರುತ್ತವೆ. ತೂಕ ಇಳಿಸಬೇಕೆನ್ನುವವರು ಅಲ್ಲಿ ಉಳಿತಾಯದ ಜತೆ ತಮ್ಮ ತೂಕದ ಲೆಕ್ಕವನ್ನೂ ಇಡಬಹುದು. ಆದರೆ ಸಭೆಯಲ್ಲಿ ಎಲ್ಲರೆದುರು ತೂಗುವುದು ಬೇಡ. ಸಂಜೆ ತೂಕ ಬೆಳಗಿನದಕ್ಕಿಂತ ಒಂದು ಕಿಲೋ ಹೆಚ್ಚು ತೋರಬಹುದು, ಮೇಲಿಂದ ನಾಚಿಕೆ ಬೇರೆ. ಮನೆಯಲ್ಲೇ ಬೆಳಗ್ಗೆ ಖಾಲಿ ಹೊಟ್ಟೆಯಲ್ಲಿ, ಮಿಷನನ್ನು ಚಾಪೆಯ ಮೇಲಿಡದೆ ಗಟ್ಟಿ ನೆಲದಲ್ಲಿಟ್ಟು ನೋಡಿ ಬರೆದು ತಂದರಾಯಿತು. ವಾರಕ್ಕೆ ಅರ್ಧ ಕಿಲೋ ಇಳಿದರೆ ಧಾರಾಳ.

ಇಬ್ಬಿಬ್ಬರು ಜೋಡಿಯಾದರೆ ಒಳ್ಳೆಯದು. ಕೇಳಬೇಕಾದ್ದು ‘ಎಷ್ಟು ಇಳಿಯಿತು?’ ಎಂದಲ್ಲ, ‘ನಿನ್ನೆ ನಡೆದಿರಾ? ಎಣ್ಣೆ ಎಷ್ಟು ಹಾಕಿದಿರಿ?’ ಎಂದು. 15 ಮಿಲಿ ತೆಂಗಿನೆಣ್ಣೆಯಲ್ಲಿ ಸುಮಾರು 120 ಕ್ಯಾಲೊರಿ ಇದೆ. ಒಗ್ಗರಣೆಗೆ ಬಾಟ್ಲಿಯಿಂದ ನೇರ ಸುರಿದರೆ ಲೆಕ್ಕ ಸಿಗದು. ಕುಚ್ಚಿಲಕ್ಕಿ ಅನ್ನವೆಂದು ಎರಡು ಸೌಟು ಹೆಚ್ಚು ಬಡಿಸಿಕೊಳ್ಳುವವರಿದ್ದಾರೆ. ಕ್ಯಾಲೊರಿಯಲ್ಲಿ ಅದೇನೂ ಬೆಳ್ತಿಗೆ (ಬಿಳಿ ಅಕ್ಕಿ) ಅನ್ನಕ್ಕಿಂತ ಅಷ್ಟೊಂದು ಹಗುರವಲ್ಲ!

ಮನೆಯವರು ಹಲಸಿನ ಸೋಂಟೆಯ (ಚಿಪ್ಸ್) ಡಬ್ಬವನ್ನು ಕಣ್ಣಿಗೆ ಬೀಳದಂತೆ ಅಟ್ಟಕ್ಕೇರಿಸಿದರೆ ಅರ್ಧ ಉಪಕಾರ.

ಇನ್ಸುಲಿನ್ ಅಥವಾ ಸಕ್ಕರೆ ಕಾಯಿಲೆಯ ಮಾತ್ರೆ ತೆಗೆದುಕೊಳ್ಳುವವರು ಮಾತ್ರ ಜತೆಯವರ ಹುಮ್ಮಸ್ಸಿಗೆ ಊಟ ಬಿಡಬಾರದು. ಸಕ್ಕರೆ ಕುಸಿದು ಬೆವರು, ನಡುಕ ಬಂದೀತು. ಮೊದಲು ವೈದ್ಯರಲ್ಲಿ ಔಷಧಿಯ ಪ್ರಮಾಣ ಕೇಳಿಕೊಳ್ಳಬೇಕು.

– ಓದುಗರು, ಬದಿಯಡ್ಕ