ಕೊನೆಯ ಪುಟದ ಸಹಿ

ರಾಯಚೂರು
ಭಾನುವಾರ ರಾತ್ರಿ

ಮಗಳೇ, ನನ್ನವ್ವಾ,

ಮಂಗಳವಾರ ನೀನು "ಬ್ಯಾಡಪ್ಪ, ನಾ ಬರಂಗಿಲ್ಲ" ಅಂದು ಫೋನ್ ಇಟ್ಟುಬಿಟ್ಟೆ. ನಾನೂ ಸಿಟ್ಟಿನಲ್ಲಿ ಏನೋ ಅಂದೆ. ಫೋನಿನಲ್ಲಿ ನಮ್ಮಿಬ್ಬರ ಮಾತು ಯಾವತ್ತೂ ನೆಟ್ಟಗೆ ನಡೆದಿಲ್ಲ, ಅಲ್ವಾ? ನೀನು ಅರ್ಧಕ್ಕೇ ಬಾಯಿ ಹಾಕ್ತೀ, ನಾನು ದನಿ ಏರಿಸ್ತೀನಿ. ಅದಕ್ಕೇ ಬರೆಯುತ್ತಿದ್ದೇನೆ. ಮೂವತ್ತು ವರ್ಷ ಲೆಕ್ಕ ಬರೆದ ಗುಮಾಸ್ತನ ಕೈ ಇದು, ಕಾಗದದ ಮೇಲೆ ಸ್ವಲ್ಪ ನಿಧಾನವಾಗುತ್ತದೆ.

ಕ್ಲಬ್ಬಿನವರ ವಿದ್ಯಾರ್ಥಿ ವೇತನದ ಫಾರಂ ನನ್ನ ಮುಂದೆಯೇ ಇದೆ. ವರ್ಷಕ್ಕೆ 25,000 ರೂಪಾಯಿ, ಎಂಎಸ್ಸಿ ಮುಗಿಯುವ ತನಕ. ಆದಾಯ ಪ್ರಮಾಣಪತ್ರ ನಾಡಕಚೇರಿಯಿಂದ ತಂದೆ. ರೇಷನ್ ಕಾರ್ಡು, ನಿನ್ನ ಮಾರ್ಕ್ಸ್ ಕಾರ್ಡು, ಬ್ಯಾಂಕ್ ಪಾಸ್‌ಬುಕ್ಕಿನ ಜೆರಾಕ್ಸ್ ಎಲ್ಲ ಪಿನ್ ಹೊಡೆದಿಟ್ಟಿದ್ದೇನೆ. ನೀನು ಎಡವಿದ್ದು ಕೊನೆಯ ಪುಟದ ಒಂದು ಸಾಲಿಗೆ: "ಆಯ್ಕೆಯಾದ ವಿದ್ಯಾರ್ಥಿಯು ಪಾಲಕರೊಂದಿಗೆ ಸಮಾರಂಭಕ್ಕೆ ಹಾಜರಿರತಕ್ಕದ್ದು." ವೇದಿಕೆ, ಶಾಲು, ರಟ್ಟಿನ ದೊಡ್ಡ ಚೆಕ್ಕು, ಫೋಟೋ. "ನಮ್ಮ ಬಡತನ ಯಾಕೆ ಪೇಪರಿನಾಗ ಬರಬೇಕು?" ಅಂದೆ ನೀನು. ನಾನು ಆಗ ಉತ್ತರ ಕೊಡಲಿಲ್ಲ. ನನ್ನ ಹತ್ತಿರ ಉತ್ತರ ಇದೆ, ಆದರೆ ಅದು ನಿಮ್ಮವ್ವನಿಗೂ ಪೂರ್ತಿ ಗೊತ್ತಿಲ್ಲ.

ನಾನು ಬಿಎಸ್ಸಿ ಯಾಕೆ ಬಿಟ್ಟೆ ಅಂತ ನೀನು ಸಣ್ಣವಳಿದ್ದಾಗ ಕೇಳುತ್ತಿದ್ದೆ. ಅಜ್ಜನ ಬೆನ್ನು ಹೋಯಿತು, ಮನೆ ನಡೆಸಬೇಕಿತ್ತು ಅಂತ ಹೇಳುತ್ತಿದ್ದೆ. ಅಜ್ಜನ ಬೆನ್ನು ಹೋಗಿದ್ದು ನಿಜ. ಆದರೆ ಅದು ಆಮೇಲೆ, ಎರಡು ವರ್ಷ ಆದ ಮೇಲೆ.

1993ರಲ್ಲಿ ನನಗೆ ಇಲ್ಲಿನ ಗಂಜಿನ, ಅಂದರೆ ಕಾಳುಕಡಿ ಮಾರುಕಟ್ಟೆಯ, ವರ್ತಕರ ಗುಂಪೊಂದರಿಂದ 500 ರೂಪಾಯಿ ವಿದ್ಯಾರ್ಥಿ ವೇತನ ಸಿಕ್ಕಿತ್ತು. ಒಂದು ಕಲ್ಯಾಣ ಮಂಟಪದಲ್ಲಿ ಸಮಾರಂಭ. ಅಜ್ಜ ಅವತ್ತು ಮಧ್ಯಾಹ್ನದ ಲಾರಿ ಬಿಟ್ಟು ಬಂದಿದ್ದ. ಒಗೆದ ಅಂಗಿ ಹಾಕಿಕೊಂಡಿದ್ದ, ಆದರೆ ಚೀಲ ಎಳೆಯುವ ಕೊಕ್ಕೆ ಹೆಗಲ ಮೇಲೇ ಉಳಿದಿತ್ತು. ಅಭ್ಯಾಸ. ಹಿಂದಿನ ಸಾಲಿನಲ್ಲಿ ಕೂತಾಗ ನೋಡಿಕೊಂಡು, ಟವೆಲಿನಲ್ಲಿ ಸುತ್ತಿ ತೊಡೆ ಮೇಲೆ ಇಟ್ಟುಕೊಂಡ. ಮೈಕಿನಲ್ಲಿ ನನ್ನ ಹೆಸರು ಕರೆದರು. ಹೆಸರಿನ ಜೊತೆ "ಇವರ ತಂದೆ ನಮ್ಮ ಗಂಜಿನಲ್ಲೇ ಹಮಾಲಿ ಮಾಡುತ್ತಾರೆ, ಇಂಥವರ ಮಕ್ಕಳನ್ನೂ ನಾವು ಮೇಲೆತ್ತುತ್ತಿದ್ದೇವೆ" ಅಂದರು. ಚಪ್ಪಾಳೆ ಬಿತ್ತು. ಕವರು ಕೊಡುವ ಸಾಹುಕಾರರು ಫೋಟೋದವನು ಸರಿಯಾಗಿ ನಿಲ್ಲುವ ತನಕ ಕವರನ್ನು ಬಿಡಲಿಲ್ಲ. ನಾನು ಒಂದು ತುದಿ ಹಿಡಿದಿದ್ದೆ, ಅವರು ಇನ್ನೊಂದು ತುದಿ. ಆಮೇಲೆ ಯಾರೋ ಹಿಂದಿನಿಂದ "ಕಾಲಿಗೆ ಬೀಳೋ" ಅಂದರು. ಬಿದ್ದೆ.

ಅಜ್ಜನಿಗೆ ಖುಷಿಯಾಗಿತ್ತು. ದಾರಿಯಲ್ಲಿ ಮಂಡಕ್ಕಿ ಮಿರ್ಚಿ ಕೊಡಿಸಿದ. ನಾನು ತಿನ್ನಲಿಲ್ಲ. ಮರುದಿನ ಕಾಲೇಜಿನಲ್ಲಿ ಒಬ್ಬ "ಏನಪಾ, ನಿನ್ನ ಮ್ಯಾಲೆತ್ತಿದರಂತಲ್ಲ" ಅಂದ. ಅಷ್ಟೇ. ಮುಂದಿನ ವರ್ಷ ಅದೇ ಹಣಕ್ಕೆ ಮತ್ತೆ ಅರ್ಜಿ ಹಾಕಬೇಕಿತ್ತು. ನಾನು ಹಾಕಲಿಲ್ಲ. ಹಾಕಿದೆ ಅಂತ ಅಜ್ಜನಿಗೆ ಸುಳ್ಳು ಹೇಳಿದೆ. ಪರೀಕ್ಷೆ ಫೀಸಿಗೆ ದುಡ್ಡಿರಲಿಲ್ಲ, ಕೇಳಲು ಬಾಯಿ ಬರಲಿಲ್ಲ. ಕಟ್ಟುವ ಕಡೆ ದಿನ ನಾನು ಮಂತ್ರಾಲಯಂ ಬಸ್ಸು ಹತ್ತಿ, ಸುಮ್ನೆ ಹೊಳೆ ದಂಡೆಯಲ್ಲಿ ಕೂತು ಬಂದೆ. 500 ರೂಪಾಯಿ ಅವ್ವಾ. ಅಷ್ಟಕ್ಕೆ ಒಂದು ಡಿಗ್ರಿ ಹೋಯಿತು.

ಹಾಗಂತ ನಿನ್ನ ಮಾತು ತಪ್ಪು ಅಂತ ನಾನು ಹೇಳುತ್ತಿಲ್ಲ. ನಿನಗಾದ ಸಂಕಟ ನನಗೆ ಗೊತ್ತು. ಮುಂದಿನದನ್ನೂ ಓದು.

1995ರಲ್ಲಿ ಅಡತಿ ಅಂಗಡಿಗೆ, ಅಂದರೆ ದಲಾಲರ ಅಂಗಡಿಗೆ, ಗುಮಾಸ್ತನಾಗಿ ಸೇರಿದೆ. ರೈತ ಹತ್ತಿಯನ್ನೋ ತೊಗರಿಯನ್ನೋ ಮಾರಿದ ಮೇಲೆ ಅವನಿಗೆ ಕೊಡುವ ಪಟ್ಟಿ ಬರೆಯೋದು ನನ್ನ ಕೆಲಸ. ಮೊದಲ ವಾರ ಹಿರಿಯ ಗುಮಾಸ್ತರೊಬ್ಬರು ಹಳೆಯ ಪಟ್ಟಿ ಮುಂದಿಟ್ಟು ಕಲಿಸಿದರು. ಒಟ್ಟು ಮೊತ್ತದ ಕೆಳಗೆ ಮುರಿದುಕೊಳ್ಳುವ ಬಾಬತ್ತುಗಳು: ದಲಾಲಿ, ಹಮಾಲಿ, ತೂಕ. ಅದರ ಕೆಳಗೆ ಇನ್ನೊಂದು ಸಾಲು: ಧರ್ಮಾದಾಯ. ಚೀಲಕ್ಕೆ ಇಷ್ಟು ಪೈಸೆ ಅಂತ. "ಇದೇನು?" ಅಂದೆ. "ಧರ್ಮದ ಕೆಲಸಕ್ಕೆ. ಗುಡಿ, ಛತ್ರ, ಸಾಲಿ ಹುಡುಗರ ಓದು" ಅಂದರು.

ನಾನು ಪೆನ್ನು ಕೆಳಗಿಟ್ಟೆ. ನನ್ನ ಕವರಿನೊಳಗೆ ಇದ್ದದ್ದು ಇಂಥದೇ ದುಡ್ಡು ಇರಬೇಕಲ್ಲ! ಮಾನ್ವಿಯ ಯಾವುದೋ ರೈತನ ತೊಗರಿ ಚೀಲದಿಂದ ಮುರಿದದ್ದು. ಆ ಚೀಲವನ್ನು ಲಾರಿಯಿಂದ ಇಳಿಸಿದವನು ಹಿಂದಿನ ಸಾಲಿನಲ್ಲಿ ಕೊಕ್ಕೆ ಮುಚ್ಚಿಕೊಂಡು ಕೂತಿದ್ದ. ವೇದಿಕೆಯ ಮೇಲಿದ್ದವರು ಅದನ್ನು ಒಂದು ಕಡೆ ಕೂಡಿಸಿ ಇನ್ನೊಂದು ಕಡೆ ಕೊಟ್ಟರು. ಅದೂ ಕೆಲಸವೇ, ಇಲ್ಲ ಅನ್ನಲ್ಲ. ಆದರೆ ನಾನು ಯಾರ ಕಾಲಿಗೆ ಬೀಳಬೇಕಿತ್ತೋ ಅವರಿಗೆ ಬಿದ್ದಿರಲಿಲ್ಲ. ಇದು ಎರಡು ವರ್ಷ ಮೊದಲು ತಿಳಿದಿದ್ದರೆ ಅಂತ ಎಷ್ಟು ಸಲ ಅಂದುಕೊಂಡಿದ್ದೇನೋ. ಈಗ ರೈತನ ಪಟ್ಟಿಯಲ್ಲಿ ಹಾಗೆ ಮುರಿಯುವಂತಿಲ್ಲ, ದಲಾಲಿಯೂ ಖರೀದಿದಾರನ ತಲೆಗೇ.

ನೀನು ಎಂಟು ವರ್ಷದವಳಿದ್ದಾಗ ಕೊಪ್ಪಳದ ಗವಿಮಠದ ಜಾತ್ರೆಗೆ ಹೋಗಿದ್ದೆವು, ನೆನಪಿದೆಯಾ? ದಾಸೋಹದ ಸಾಲಿನಲ್ಲಿ ಕೂತು, ಒಣ ರೊಟ್ಟಿ ಮುರಿಯಲು ಬರದೆ ನನ್ನ ಕೈಗೆ ಕೊಟ್ಟೆ. ಆಮೇಲೆ "ಅಪ್ಪಾ, ಇದು ಯಾರ ಮನಿ ರೊಟ್ಟಿ?" ಅಂದೆ. ಸುತ್ತಲಿನ ಹಳ್ಳಿಗಳವರು ಮನೆ ಮನೆಯಲ್ಲಿ ಬಡಿದು, ಟ್ರ್ಯಾಕ್ಟರಿನಲ್ಲಿ ಹೇರಿಕೊಂಡು ಬಂದ ರೊಟ್ಟಿ. ಯಾರ ಮನೆಯದು ಅಂತ ಹೇಗೆ ಹೇಳಲಿ? "ಗೊತ್ತಿಲ್ಲ, ತಿನ್ನು" ಅಂದೆ. ನೀನು ತಿಂದೆ. ಪಕ್ಕದಲ್ಲಿದ್ದ ಅಜ್ಜಿ ನಿನಗೆ ಮತ್ತೊಂದು ಹಾಕಿಸಿದಳು. ಆ ಮಠದ ಈಗಿನ ಸ್ವಾಮೀಜಿ 2022ರಲ್ಲಿ 5,000 ಮಕ್ಕಳ ಹಾಸ್ಟೆಲ್ ಕಟ್ಟುವ ಮಾತಾಡುತ್ತಾ ಸಭೆಯಲ್ಲೇ ಅತ್ತದ್ದು ನಿನ್ನ ಫೋನಿನಲ್ಲೂ ಬಂದಿತ್ತಲ್ಲ. ಕೊಡುವವರು ಅತ್ತದ್ದನ್ನು ನಾನು ನೋಡಿದ್ದು ಅದೇ ಮೊದಲು.

ಇಂಥ ಕ್ಲಬ್ಬುಗಳ ಬಗ್ಗೆ ಮೊನ್ನೆ ಕೂತು ಓದಿದೆ. ನಿನ್ನ ಜೊತೆ ಜಗಳ ಆಡೋದಾದರೆ ತಯಾರಿ ಬೇಕಲ್ಲ. ರೋಟರಿ ಶುರುವಾದದ್ದು 1905ರಲ್ಲಿ, ಲಯನ್ಸ್ 1917ರಲ್ಲಿ, ಎರಡೂ ಅಮೆರಿಕದ ಶಿಕಾಗೋದಲ್ಲಿ. ಅದಕ್ಕೂ ಹಿಂದೆ ಫ್ರೀಮೇಸನ್ನರು ಅನ್ನುವ ಬಳಗದವರು 1788ರಲ್ಲಿ ಲಂಡನ್ನಿನಲ್ಲಿ ಹೆಣ್ಣುಮಕ್ಕಳ ಶಾಲೆ ತೆಗೆದಿದ್ದರು, ತಮ್ಮಲ್ಲೇ ಸತ್ತವರ, ಸೋತವರ ಹೆಣ್ಣುಮಕ್ಕಳಿಗೆ. ಆಡ್ ಫೆಲೋಸ್ ಅಂತ ಇನ್ನೊಂದು ಬಳಗ. ರೋಗಿಗಳನ್ನು ನೋಡಿಕೊಳ್ಳೋದು, ಸತ್ತವರನ್ನು ಮಣ್ಣು ಮಾಡೋದು, ತಬ್ಬಲಿಗಳನ್ನು ಓದಿಸೋದು ಅದರ ಕಟ್ಟಳೆ. ಈ ಹಳೆಯ ಬಳಗಗಳವರು ಮೊದಲು ತಮ್ಮವರಿಗೆ ಅಂತಲೇ ದುಡ್ಡು ಕೂಡಿಸಿದವರು. ನಮ್ಮ ಕಡೆಯೂ ಹಾಗೇ. ಕೊಲ್ಹಾಪುರದಲ್ಲಿ ಶಾಹು ಮಹಾರಾಜರ ಕಾಲದಲ್ಲಿ ಒಂದೊಂದು ಸಮಾಜಕ್ಕೆ ಒಂದೊಂದು ಹಾಸ್ಟೆಲ್. 1916ರಲ್ಲಿ ಬೆಳಗಾವಿಯಲ್ಲಿ ಏಳು ಜನ ಮೇಷ್ಟ್ರುಗಳು ಸೇರಿ ಕೆಎಲ್ಇ ಶಿಕ್ಷಣ ಸಂಸ್ಥೆ ಕಟ್ಟಿದರು. ಅದೇ ವರ್ಷ ಬಳ್ಳಾರಿಯಲ್ಲಿ ವೀರಶೈವ ವಿದ್ಯಾವರ್ಧಕ ಸಂಘ. ದುಡ್ಡಿದ್ದ ಸಮಾಜದವರಿಗೆ ಸಂಘ ಇತ್ತು. ಇಲ್ಲದ ನಮ್ಮಂಥವರು ಬೇರೆಯವರ ಬಾಗಿಲಿಗೆ ಹೋಗಬೇಕಿತ್ತು. ನನಗೆ ಇದರ ಬಗ್ಗೆ ಸ್ವಲ್ಪ ಕಹಿ ಇನ್ನೂ ಇದೆ, ಮುಚ್ಚಿಡೋದೇಕೆ.

ನಿನಗೆ ನಗು ಬರುವ ಒಂದು ಸಂಗತಿ ಹೇಳಲಾ? ಹೆಂಗಸರನ್ನು ಸದಸ್ಯರನ್ನಾಗಿ ಸೇರಿಸಿಕೊಳ್ಳಲು ಲಯನ್ಸ್‌ಗೆ 1987 ಆಗಬೇಕಾಯಿತು, ರೋಟರಿಗೆ 1989. ಅಮೆರಿಕದ ಏಳು ಕಾಲೇಜು ಹುಡುಗಿಯರು ಅಷ್ಟು ದಿನ ಕಾಯಲಿಲ್ಲ. 1869ರಲ್ಲೇ ಪಿಇಒ ಅಂತ ತಮ್ಮದೇ ಬಳಗ ಕಟ್ಟಿಕೊಂಡರು. ಆ ಬಳಗ 1907ರಿಂದ ಹೆಣ್ಣುಮಕ್ಕಳ ಓದಿಗೆ ಸಾಲ ಕೊಡುತ್ತಿದೆ. ಸಾಲ, ದಾನವಲ್ಲ. ನಿನ್ನಂಥ ಸ್ವಭಾವದವರೇ ಇರಬೇಕು!

ನಿನ್ನ ರೂಮಿನ ಗೋಡೆಯ ಮೇಲೆ ಅಂಬೇಡ್ಕರ್ ಫೋಟೋ ಇದೆ. 1913ರಲ್ಲಿ ಅವರು ಅಮೆರಿಕದ ಕೊಲಂಬಿಯಾ ವಿಶ್ವವಿದ್ಯಾಲಯಕ್ಕೆ ಹೋದದ್ದು ಬರೋಡಾ ಮಹಾರಾಜರ ದುಡ್ಡಿನಲ್ಲಿ. ತಿಂಗಳಿಗೆ 11.50 ಪೌಂಡ್, ಮೂರು ವರ್ಷ. ಅವರ ಮೇಲೂ ಕರಾರಿತ್ತು, ಓದಿ ಬಂದು 10 ವರ್ಷ ಆ ಸಂಸ್ಥಾನದಲ್ಲಿ ಕೆಲಸ ಮಾಡಬೇಕು ಅಂತ. 1917ರಲ್ಲಿ ಬರೋಡಾಕ್ಕೆ ಕೆಲಸಕ್ಕೆ ಹೋದರು. ಆ ಊರಿನಲ್ಲಿ ಇರಲು ಒಂದು ಜಾಗ ಸಿಗದೆ ಬಿಟ್ಟು ಬಂದರು. ನಿನಗೆ ಇದೆಲ್ಲ ನನಗಿಂತ ಜಾಸ್ತಿ ಗೊತ್ತು. ದುಡ್ಡು ತಗೊಂಡವರು ಆಮೇಲೆ ಯಾರ ಮುಂದಾದರೂ ಬಾಯಿ ಮುಚ್ಚಿಕೊಂಡು ಕೂತಿದ್ದರಾ, ನೀನೇ ಹೇಳು.

ಇನ್ನು ನಮ್ಮ ಮನೆಯ ಲೆಕ್ಕ. ಹಾಸ್ಟೆಲ್ ಸಿಗದವರಿಗೆ ಸರ್ಕಾರ ಕೊಡುವ ವಿದ್ಯಾಸಿರಿ ತಿಂಗಳಿಗೆ 1,500, ಹತ್ತು ತಿಂಗಳಿಗೆ 15,000 ಇತ್ತು. ಕಳೆದ ವರ್ಷ ಅದು ನಿಂತಿದ್ದು ನನ್ನ ತಪ್ಪಿನಿಂದ, ನಿನ್ನ ಖಾತೆಗೆ ಆಧಾರ್ ಜೋಡಣೆ ಆಗಿದೆಯೋ ಇಲ್ಲವೋ ನಾನು ನೋಡಿರಲಿಲ್ಲ. ರೈತ ವಿದ್ಯಾನಿಧಿ ನಮಗಲ್ಲ, ನಮ್ಮ ಹೆಸರಿನಲ್ಲಿ ಒಂದು ಗುಂಟೆ ಹೊಲವೂ ಇಲ್ಲ. ನಿನ್ನ ಧಾರವಾಡದ ರೂಮಿನ ಬಾಡಿಗೆ, ಊಟ ಸೇರಿ ತಿಂಗಳಿಗೆ 5,500 ದಾಟುತ್ತದೆ. ಈ ವರ್ಷ ಲ್ಯಾಬ್ ಮತ್ತು ಪ್ರಾಜೆಕ್ಟಿನ ಖರ್ಚು ಬೇರೆ. ನಾನು ಕಳಿಸುವುದು ನಿನಗೆ ಗೊತ್ತು. ಕಡಿಮೆ ಬೀಳುವುದು ಎಷ್ಟು ಅಂತಲೂ ಗೊತ್ತು, ಅದಕ್ಕೇ ನೀನು ಸಂಜೆ ಟ್ಯೂಷನ್ ಹೇಳೋದು. ಅದನ್ನು ನೀನು ಹೇಳಲಿಲ್ಲ, ನಿನ್ನ ಗೆಳತಿ ಬಾಯಿ ತಪ್ಪಿ ಅಂದಳು. ಅವಳನ್ನು ಬೈಯಬೇಡ.

ಇನ್ನೊಂದು ವಿಷಯ. ಮೂರು ವರ್ಷದಿಂದ ನಮ್ಮ ಗಂಜಿನ ಗುಮಾಸ್ತರು, ಹಮಾಲರು ಸೇರಿ ತಿಂಗಳಿಗೆ ಐವತ್ತು ರೂಪಾಯಿ ಹಾಕುತ್ತೇವೆ, ನಮ್ಮವರ ಮಕ್ಕಳ ಕಾಲೇಜು ಫೀಸಿಗೆ. ಅರ್ಜಿ ನೋಡುವ ಕೆಲಸ ನನ್ನ ಮೇಲೆ ಬಿತ್ತು. ಅಬ್ಬಾ, ಆ ಅರ್ಜಿಗಳು! "ಕಡುಬಡವನಾದ ನಾನು ತಮ್ಮ ಪಾದಾರವಿಂದಗಳಿಗೆ" ಅಂತ ಶುರು. ಹತ್ತೊಂಬತ್ತು ವರ್ಷದ ಹುಡುಗನಿಗೆ ಈ ಭಾಷೆ ಯಾರು ಕಲಿಸಿದರು? ಒಬ್ಬ ಹುಡುಗಿ ಮಾತ್ರ ನಾಲ್ಕು ಸಾಲು ಬರೆದಿದ್ದಳು. ಫೀಸು ಇಷ್ಟು, ಅಪ್ಪ ಕೊಡೋದು ಇಷ್ಟು, ನಾನು ಕೂಡಿಟ್ಟಿದ್ದು ಇಷ್ಟು, ಕಡಿಮೆ ಬೀಳೋದು 3,200. ಕೆಳಗೆ ಸಹಿ. ಅವಳಿಗೇ ಮೊದಲು ಕೊಟ್ಟೆವು.

ಸಮಾರಂಭ ಬೇಡ, ಸೀದಾ ಖಾತೆಗೆ ಹಾಕೋಣ ಅಂತ ನಾನು ಹಟ ಹಿಡಿದೆ. ನಮ್ಮ ಹಮಾಲರ ಹಿರಿಯ ಒಪ್ಪಲಿಲ್ಲ. "ಗುಮಾಸ್ತಪ್ಪಾ, ನಮ್ಮ ಹುಡುಗರು ಐವತ್ತು ರೂಪಾಯಿ ಕೊಡ್ತಾರ. ಯಾರಿಗೆ ಹೋತು ಅಂತ ಕಣ್ಣಿಲೆ ನೋಡಬಾರದೇನು? ನೋಡಲಿಲ್ಲಂದ್ರ ಮುಂದಿನ ವರ್ಷ ಯಾರು ಕೊಡ್ತಾರ?" ಅಂದ. ನನ್ನ ಬಾಯಿ ಕಟ್ಟಿತು. ಅವನು ಹೇಳಿದ್ದರಲ್ಲಿ ಸುಳ್ಳಿರಲಿಲ್ಲ. ಕೊನೆಗೆ ಹೀಗೆ ಮಾಡಿದೆವು: ದುಡ್ಡು ಜೂನಿನಲ್ಲೇ ಖಾತೆಗೆ. ಆಮೇಲೆ ಒಂದು ದಿನ ಗೋದಾಮಿನಲ್ಲಿ ಚಹಾ, ಒಗ್ಗರಣೆ ಮಂಡಕ್ಕಿ. ಬರುವವರು ಬರಲಿ. ಎಲ್ಲ ಮಕ್ಕಳೂ ಬಂದರು. ಒಬ್ಬ ಮುದುಕ ಹಮಾಲ ಆ ನಾಲ್ಕು ಸಾಲಿನ ಹುಡುಗಿಯನ್ನು "ಏನು ಓದ್ತೀ ತಂಗಿ?" ಅಂದ. "ಮೈಕ್ರೋಬಯಾಲಜಿ" ಅಂದಳು. ಅವನು ಮೂರು ಸಲ ಹೇಳಿಸಿಕೊಂಡು ಬಾಯಿಪಾಠ ಮಾಡಿದ.

ಶುಕ್ರವಾರ ನಾನು ಆ ಕ್ಲಬ್ಬಿನ ಕಾರ್ಯದರ್ಶಿಯನ್ನು ಹೋಗಿ ಕಂಡೆ. ಜಗಳಕ್ಕಲ್ಲ, ಹೆದರಬೇಡ. ಮೂರು ಕೇಳಿದೆ. ಸರ್ಕಾರದ ವಿದ್ಯಾರ್ಥಿ ವೇತನದ ಜೊತೆಗೇ ಇದನ್ನೂ ತಗೋಬಹುದಾ? ತಗೋಬಹುದು ಅಂದರು. ಎರಡನೇ ವರ್ಷಕ್ಕೆ ಎಷ್ಟು ಮಾರ್ಕ್ಸ್ ಬೇಕು? 60 ಪರ್ಸೆಂಟ್. ಮೂರನೆಯದು, ವೇದಿಕೆಯಲ್ಲಿ ಹೆಸರು ಕರೆಯುವಾಗ ಅಪ್ಪನ ಕೆಲಸ, ಆದಾಯ ಓದದೆ ಇರಬಹುದಾ? ಅವರು ಕನ್ನಡಕ ತೆಗೆದು ನನ್ನನ್ನೇ ನೋಡಿದರು. "ಇದನ್ನ ಯಾರೂ ಕೇಳಿರಲಿಲ್ಲ" ಅಂದರು. ಹುಡುಗಿ ಏನು ಓದುತ್ತಾಳೆ ಅಂತ ಮಾತ್ರ ಓದುತ್ತೇವೆ ಅಂತ ಒಪ್ಪಿದರು. ಫೋಟೋ ಮಾತ್ರ ಇರುತ್ತದೆ, ಅದು ಬಿಡಲಾಗಲ್ಲ ಅಂದರು. ರಟ್ಟಿನ ಚೆಕ್ಕೂ ಇರುತ್ತದಂತೆ. ಅದಕ್ಕೆ ನಾನೇನೂ ಮಾಡಲಾಗಲಿಲ್ಲ.

ನೀನು ಬಂದರೆ ನಾನೂ ಬರುತ್ತೇನೆ. ಹಿಂದಿನ ಸಾಲಿನಲ್ಲಿ ಕೂರಲ್ಲ.

ಕಡೆ ದಿನ ಇದೇ 20. ಇಲ್ಲಿಂದ ಬರುವ ನಮ್ಮ ಹುಡುಗನ ಕೈಯಲ್ಲಿ ಗಂಟು ಕಳಿಸುತ್ತಿದ್ದೇನೆ. ರೊಟ್ಟಿ, ಶೇಂಗಾ ಚಟ್ನಿ, ಪುಡಿ ಖಾರ. ತಳದಲ್ಲಿ ಫಾರಂ ಇದೆ, ಎಣ್ಣೆ ತಾಗದಂತೆ ಎರಡು ಪ್ಲಾಸ್ಟಿಕ್ ಹಾಕಿದ್ದೇನೆ. ಎಲ್ಲ ತುಂಬಿದ್ದೇನೆ, ಕೊನೆಯ ಪುಟದ ನಿನ್ನ ಸಹಿ ಬಿಟ್ಟು. ಅದನ್ನು ನಾನು ಹಾಕಿಬಿಡಬಹುದಿತ್ತು, ನಿನ್ನ ಸಹಿ ನನಗೆ ಬರುತ್ತದೆ. ಹಾಕಿಲ್ಲ.

ಹಾಕಿದರೂ ಹಾಕದಿದ್ದರೂ ಆ ಸ್ಟೀಲ್ ಡಬ್ಬಿ ವಾಪಸ್ ಕಳಿಸು. ನಿಮ್ಮವ್ವ ಹೋದ ಸಲದ್ದೇ ಇನ್ನೂ ಬಂದಿಲ್ಲ ಅಂತ ನನ್ನ ಪ್ರಾಣ ತಿನ್ನುತ್ತಿದ್ದಾಳೆ.

ನಿನ್ನ ಅಪ್ಪ