ಭಾವನ ಭುಜಕ್ಕೆ ಒರಗಿದ ರಾತ್ರಿ

ಪಿತ್ತಕೋಶ ತೆಗೆಸಿಕೊಂಡು ಬಂದು ಆರು ವಾರವಾಯಿತು. ಇಂದು ಬೆಳಿಗ್ಗೆ ಯಾರ ಕೈಯನ್ನೂ ಹಿಡಿಯದೆ ತೋಟದ ಕೆರೆಯವರೆಗೆ ನಡೆದು ಬಂದೆ. ಕಕ್ಕಡ ತಿಂಗಳಲ್ಲಿ (ಜುಲೈ–ಆಗಸ್ಟ್) ನನ್ನ ಮೇದೋಜೀರಕ ಗ್ರಂಥಿಗೆ, ಅಂದರೆ ಉಂಡದ್ದನ್ನು ಕರಗಿಸುವ ರಸ ಸುರಿಸುವ ಗ್ರಂಥಿಗೆ, ಉರಿಯೂತ ಬಂದಲ್ಲಿಂದ ಇಲ್ಲಿಯವರೆಗಿನದು ನಿಮಗೆಲ್ಲ ಗೊತ್ತೇ ಇದೆ. ಮಡಿಕೇರಿಯ ವೈದ್ಯರು, ಮೈಸೂರಿನ ದಾದಿಯರು, ತೋಟವನ್ನು ನೋಡಿಕೊಂಡ ಲೈನ್ ಮನೆಯ ಕೆಲಸಗಾರರು, ಮಗಳನ್ನು ಶಾಲೆಗೆ ಬಿಟ್ಟುಬಂದ ನೆರೆಯವರು, ಎಲ್ಲರಿಗೂ ಕೈಮುಗಿಯುತ್ತೇನೆ.

ಭಾವನ ಋಣ ಮಾತ್ರ ಒಂದು ವಾಕ್ಯದಲ್ಲಿ ಮುಗಿಯುವುದಿಲ್ಲ.

ಆ ಸಂಜೆ ಹೊಟ್ಟೆಯ ಮೇಲ್ಭಾಗದಲ್ಲಿ ನೋವು ಶುರುವಾದಾಗ ಗ್ಯಾಸ್ ಎಂದುಕೊಂಡು ಮಾತ್ರೆ ನುಂಗಿದೆ. ನೋವು ಬೆನ್ನಿಗೆ ತೂರಿತು, ವಾಂತಿ ನಿಲ್ಲಲಿಲ್ಲ, ಅಂಗಾತ ಮಲಗಲು ಸಾಧ್ಯವೇ ಆಗಲಿಲ್ಲ. ದಿಂಬು ಅವಚಿಕೊಂಡು ಮುಂದಕ್ಕೆ ಬಾಗಿ ಕುಳಿತರೆ ಮಾತ್ರ ತುಸು ಸಮಾಧಾನ. ಹಾಗೆ ಕುಳಿತಿದ್ದವನನ್ನು ನೋಡಿ ಭಾವ, ‘ಇದು ಗ್ಯಾಸ್ ಅಲ್ಲ, ಏಳು’ ಎಂದು ಜೀಪು ತೆಗೆದರು.

ಮಡಿಕೇರಿಯಲ್ಲಿ ರಕ್ತ ಪರೀಕ್ಷಿಸಿದಾಗ ಲೈಪೇಸ್, ಅಂದರೆ ಮೇದೋಜೀರಕ ಗ್ರಂಥಿಯಿಂದ ಬರುವ ಕಿಣ್ವ, ಇರಬೇಕಾದ ಮಿತಿಯ 3 ಪಟ್ಟನ್ನೂ ದಾಟಿತ್ತು. ಸುಂಟಿಕೊಪ್ಪದ ಹತ್ತಿರ ಮರ ಬಿದ್ದು ರಸ್ತೆ ಮುಚ್ಚಿದ್ದರಿಂದ ಮೈಸೂರಿಗೆ ಹೊರಡಲು ಬೆಳಗಾಗಬೇಕಿತ್ತು. ನನ್ನ ಕೈಗೆ ಡ್ರಿಪ್ ಹಾಕಿದ್ದರು, ಬಾಯಿಗೆ ಹನಿ ನೀರನ್ನೂ ಕೊಡುವಂತಿರಲಿಲ್ಲ. ಭಾವ ಒದ್ದೆ ಹತ್ತಿಯಲ್ಲಿ ತುಟಿ ಒರೆಸುತ್ತ, ಮಂಚದ ಅಂಚಿನಲ್ಲಿ ಕುಳಿತು ಭುಜ ಕೊಟ್ಟರು. ಮಳೆ ಸುರಿಯುತ್ತಲೇ ಇತ್ತು. ಮೂರು ಗಂಟೆಯ ಹೊತ್ತಿಗೆ, ‘ನನ್ನಿಂದ ಆಗುವುದಿಲ್ಲ ಭಾವ, ಮಗಳನ್ನು ನೋಡಿಕೊಳ್ಳಿ’ ಎಂದೆ. ಅವರು ಉತ್ತರ ಕೊಡಲಿಲ್ಲ. ಅವರ ಎದೆ ಅದುರಿದ್ದು ನನ್ನ ಹಣೆಗೆ ತಿಳಿಯಿತು. ಇದನ್ನು ಬರೆಯುವಾಗ ಈಗಲೂ ಕೈ ನಡುಗುತ್ತಿದೆ.

ಇನ್ನೊಂದು ಮಾತು. ನೋಡಲು ಬಂದ ಕೆಲವರು ‘ಕುಡಿತ ಹೆಚ್ಚಾಗಿರಬೇಕು’ ಎಂದು ಪಿಸುಗುಟ್ಟಿದ್ದು ಅಕ್ಕನ ಕಿವಿಗೆ ಬಿದ್ದು ಆಕೆ ಅತ್ತಳು. ಮೇದೋಜೀರಕ ಗ್ರಂಥಿಯ ಉರಿಯೂತಕ್ಕೆ ಕುಡಿತ ದೊಡ್ಡ ಕಾರಣವೆಂಬುದು ನಿಜ. ಪಿತ್ತಕೋಶದ ಕಲ್ಲೂ ಅಷ್ಟೇ ದೊಡ್ಡ ಕಾರಣ. ಸಣ್ಣದೊಂದು ಕಲ್ಲು ಜಾರಿ ನಾಳದ ಬಾಯಿಗೆ ಸಿಕ್ಕಿಕೊಂಡರೆ ಸಾಕು, ಉಂಡದ್ದನ್ನು ಕರಗಿಸಬೇಕಾದ ರಸ ಗ್ರಂಥಿಯನ್ನೇ ಕರಗಿಸತೊಡಗುತ್ತದೆ. ನನಗಾದದ್ದು ಅದೇ. ಆದರೆ ಭಾವ ಈ ವಿವರಣೆಗೆ ಹೋಗಲೇ ಇಲ್ಲ. ‘ಕುಡಿತದಿಂದಲೇ ಕಾಯಿಲೆ ಬಂದಿದ್ದರೆ ಇವನನ್ನು ಬಿಟ್ಟು ಹೋಗಬೇಕಿತ್ತೇ?’ ಎಂದು ಕೇಳಿದರು. ನನ್ನನ್ನು ಸಮರ್ಥಿಸಿದ್ದಕ್ಕಿಂತ ಆ ಪ್ರಶ್ನೆ ದೊಡ್ಡದು ಎಂದು ನನಗೆ ಅನ್ನಿಸುತ್ತದೆ.

ಭಾವ, ನಮ್ಮ ಕೊಡಗಿನ ಸುಗ್ಗಿ ಹಬ್ಬ ಹುತ್ತರಿ ಹತ್ತಿರ ಬಂತು. ಕದಿರು ತೆಗೆಯುವ ಹೊತ್ತಿಗೆ ನೀವು ನಮ್ಮ ಗದ್ದೆಯಲ್ಲೇ ಇರಬೇಕು. ‘ಪೊಲಿ ಪೊಲಿ ದೇವಾ’ (ಬೆಳೆ ಹೆಚ್ಚಲಿ ದೇವಾ) ಎಂದು ಕೂಗುವಷ್ಟು ಉಸಿರು ಈಗ ನನ್ನಲ್ಲಿದೆ.